ಷರಾ

ಸದ್ದು ಮಾಡಬೇಡ, ಇಲ್ಲಿ ಎಲೆಗೂ ಕಿವಿ ಇದೆ.
ಅಜ್ಜಿ ಉನಾವಿ ಹೀಗೆ ಹೇಳಿದ್ದು ನನಗಲ್ಲ,
ಕಂಕುಳಲ್ಲಿದ್ದ ಹೆಬ್ಬಾತಿಗೆ.

ಹಿಂದಿನ ರಾತ್ರಿಯೇ ಉಗಿಸ್ನಾನ, ಬಿಳಿಯ ಅಂಗಿ,
ಕೆಂಪು ದಾರದ ಕಸೂತಿಯ ಹೊಸ ಟವೆಲ್ಲು.
ಬೇಲಿಯಿಲ್ಲ, ಬಾಗಿಲಿಲ್ಲ, ಗಂಟೆಯಿಲ್ಲ.
ಆದರೂ ಮಾತು ಎಲ್ಲಿ ನಿಲ್ಲಬೇಕೆಂದು
ನಮ್ಮ ಮಾರಿ ಜನರ ಊರಲ್ಲಿ
ನಾಯಿಗಳಿಗೂ ಗೊತ್ತು.

ನಡುವೆ ಆ ಲಿಂಡೆನ್.
ಅಜ್ಜಿ ಅದನ್ನು ಮರ ಅಂದವಳೇ ಅಲ್ಲ,
'ಎದ್ದು ನಿಂತವರು' ಅನ್ನುತ್ತಿದ್ದಳು,
ಉಳಿದವರೆಲ್ಲ ಎಲ್ಲೋ ಕೂತುಬಿಟ್ಟ ಹಾಗೆ.

ಹೆಬ್ಬಾತಿನ ಬೆನ್ನಿಗೆ ಬೊಗಸೆ ನೀರು ಹೊಯ್ದು ಕಾಯುತ್ತಾರೆ.
ಮೈ ಕೊಡವಿದರೆ ದೇವರು ಒಪ್ಪಿದ.
ಕೊಡವದಿದ್ದರೆ ಮತ್ತೆ ನೀರು, ಮತ್ತೆ ಕಾಯುವುದು.
ಆಗ ಊರಿಗೆ ಊರೇ
ಒಂದು ಹಕ್ಕಿಯ ಚರ್ಮದ ಮೇಲೆ ನಿಂತಿರುತ್ತದೆ.

ಅಜ್ಜ ಒಮ್ಮೆಯೂ ಬಂದವನಲ್ಲ.
ಮನೆಯಲ್ಲಿ ತೊಕ್ತಾಯ್, ಕಾಗದದಲ್ಲಿ ಟಿಮೊಫೇಯ್,
ಅರಣ್ಯ ಕಚೇರಿಯಲ್ಲಿ ಮರ ಅಳೆಯುವ ಕೆಲಸ.
ಪ್ರಾರ್ಥನೆ ಮಾಡಿದವರ ಹೆಸರು ಬರೆದುಕೊಳ್ಳುತ್ತಿದ್ದ ವರ್ಷಗಳು ಅವು.
ಹಾಗಾಗಿ ಊರು ಕತ್ತಲಲ್ಲಿ ಹೋಗುತ್ತಿತ್ತು,
ಬಾತಿನ ಕೊಕ್ಕಿಗೆ ನಾರು ಬಿಗಿದು.
ಅಜ್ಜಿ ಮಲಗುವ ಕೋಣೆಯ ಕಿಟಕಿ ಹಾರಿ ಹೋಗುತ್ತಿದ್ದಳು.
ಅವನು ಗೋಡೆಯ ಕಡೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದ.

'ಪುಕ್ಕಲ' ಅಂತ ಅವಳು ಅಂದದ್ದುಂಟು,
ಸಾರು ಬಡಿಸುವಾಗ, ಸೌಟಿಗೆ ಮಾತ್ರ ಕೇಳುವಷ್ಟು.

ಕಿಟಕಿಯ ತಿರುಗಣೆ ಒಂದು ರಾತ್ರಿಯೂ ಕಿರುಗುಟ್ಟಲಿಲ್ಲ.
ಎದ್ದು ನಿಂತವರ ದಯೆ, ಅಂದುಕೊಂಡಳು.
ಅಜ್ಜ ಹೋದ ಮೊದಲ ಚಳಿಗಾಲಕ್ಕೇ
ಅದು ಕಿರುಗುಟ್ಟತೊಡಗಿತು.

ಕಚೇರಿ ಮುಚ್ಚಿದಾಗ ಹಳೆಯ ಕಡತ ಕಟ್ಟುವ ಕೂಲಿ ನನ್ನದು.
ಇಲಿ ತಿಂದ ಅಂಚು, ನೇರಳೆ ಶಾಯಿ, ಅವನ ಕೈಬರಹ.
ಮರದ ಕಾರ್ಖಾನೆಗೆ ತೋಪು ಕೊಡುವ ಆದೇಶ,
ಅದರ ಕೆಳಗೆ ಪಟ್ಟಿ:

ಜಾತಿ: ಲಿಂಡೆನ್.
ಸುತ್ತಳತೆ: ಎರಡು ಮೀಟರ್ ಎಂಬತ್ತು.
ಷರಾ: ಒಳಗೆ ಪೂರಾ ಟೊಳ್ಳು. ಕಡಿದರೆ ಕೂಲಿ ದಂಡ.
ಕೆಳಗಿನ ಸಾಲಿನಲ್ಲೂ ಟೊಳ್ಳು. ಅದರ ಕೆಳಗೂ.
ನಲವತ್ತೊಂದು ಮರಗಳು, ನಲವತ್ತೊಂದು ಟೊಳ್ಳು,
ಮೂವತ್ತರ ಹೊತ್ತಿಗೆ ಬೇಸರ ಬಂದವನಂತೆ
ಬರೀ 'ಮೇಲಿನಂತೆ'.

ಓದಿ ಹೇಳಿದೆ. ಅಜ್ಜಿ ಅಳಲಿಲ್ಲ.
'ಸುತ್ತಳತೆ ಎಷ್ಟು ಅಂದೆ?'
ಎರಡು ಎಂಬತ್ತು.
'ಸುಳ್ಳ. ನಾವು ಮೂವರು ಹೆಂಗಸರು ಕೈ ಚಾಚಿದರೂ
ಬೆರಳಿಗೆ ಬೆರಳು ತಾಕುತ್ತಿರಲಿಲ್ಲ.'
ಆಮೇಲೆ ಎದ್ದು ಹೋಗಿ ಕಿಟಕಿ ತೆರೆದಳು, ಮುಚ್ಚಿದಳು,
ತೆರೆದಳು. ಕಿರ್ರ್.
ಎಣ್ಣೆ ತರಲಾ ಅಂದೆ.
ಬೇಡ ಅಂದಳು.

ಹೋದ ವರ್ಷದ ಗಾಳಿಗೆ ಒಂದು ಕೊಂಬೆ ಮುರಿದು ಬಿತ್ತು.
ಗಾಯದೊಳಗೆ ಮೊಣಕೈವರೆಗೆ ಕೈ ಹಾಕಿದೆ.
ಎದ್ದು ನಿಂತವರು ಈಗ ನಿಜಕ್ಕೂ ಟೊಳ್ಳು.
ಒಳಗೆ ಬೆಚ್ಚಗೆ ಜೇನಿನ ಗುಂಯ್‌ಗುಡುವಿಕೆ,
ಯಾರೋ ತಗ್ಗಿದ ದನಿಯಲ್ಲಿ ಲೆಕ್ಕ ಒಪ್ಪಿಸುತ್ತಿರುವಂತೆ.
ಪಕ್ಕದಲ್ಲೊಂದು ಸಸಿ ನೆಡೋಣವೇ ಎಂದು ಕೇಳಿದರೆ
ಪ್ರಾರ್ಥನೆ ನಡೆಸುವ ಮುದುಕ ಅಯ್ಪಾಶ್‌ಗೆ ಸಿಟ್ಟು ಬಂತು:
ಬದುಕಿದವರ ಎದುರಿಗೇ ಗುಂಡಿ ತೋಡುತ್ತೀಯಾ?

ಈ ಸಲ ಹಗಲು ಹೊತ್ತು, ಎಲ್ಲರೆದುರು, ಬಾಗಿಲಿನಿಂದಲೇ ಹೊರಟೆವು.
ಅಜ್ಜಿಯ ಕಾಲು ಸೋತಿತ್ತು, ತಳ್ಳುಗಾಡಿಯಲ್ಲಿ ಕೂರಿಸಿದೆ,
ಮಡಿಲಲ್ಲಿ ಹೆಬ್ಬಾತು.
ಯಾರ ಹೆಸರಲ್ಲಿ? ಅಯ್ಪಾಶ್ ಕೇಳಿದ.
ತೊಕ್ತಾಯ್, ಅಂದಳು. ತುಸು ಗಟ್ಟಿಯಾಗಿ.
ಎಲೆಗಳ ಕಿವಿಗೆ ಬೀಳಲಿ ಅಂತಲೇ.

ಒಂದು ಬೊಗಸೆ. ಹಕ್ಕಿ ಕದಲಲಿಲ್ಲ.
ಎರಡನೆಯದು. ನೀರು ಜಾರಿ ಹುಲ್ಲಿಗೆ ಇಳಿಯಿತು.
ಅಜ್ಜಿಯ ತುಟಿ ಅಲುಗುತ್ತಿತ್ತು,
ಪ್ರಾರ್ಥನೆಯೋ, ಬೈಗುಳವೋ.
'ಅವನು ಮೊದಲಿಂದಲೂ ನಿಧಾನ' ಅಂದಳು ನನ್ನ ಕಡೆ ತಿರುಗಿ,
'ಇನ್ನೊಂದು ಬೊಗಸೆ ಹೊಯ್ಯಿ.'